ಪಹಣಿಯ ವಲಸೆ: ಕಡತದಿಂದ ಕಂಪ್ಯೂಟರಿಗೆ, ಹಳೆಯ ಯಂತ್ರದಿಂದ ಹೊಸ ಯಂತ್ರಕ್ಕೆ

ಕೈವಾರ ಎಂದೊಡನೆ ಎಲ್ಲರಿಗೂ ನೆನಪಾಗುವುದು ಯೋಗಿ ನಾರೇಯಣ ತಾತಯ್ಯನವರ ಮಠ, ಅಮರನಾರೇಯಣಸ್ವಾಮಿ ದೇವಸ್ಥಾನ ಮತ್ತು ಭೀಮಸೇನ ಬಕಾಸುರನನ್ನು ಕೊಂದ ಏಕಚಕ್ರಪುರ ಇದೇ ಎಂಬ ಐತಿಹ್ಯ. ಇದೇ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿ ಮತಗಳ ಜನ ಹರಕೆ ಹೊತ್ತು ಬರುತ್ತಾರೆ. ಆದರೆ ಇಲ್ಲಿನ ರೈತನಿಗೆ ಕೈವಾರ ಇನ್ನೊಂದು ಕಾರಣಕ್ಕೂ ಮುಖ್ಯ. ಅದು ಹೋಬಳಿ ಕೇಂದ್ರ. ಪಹಣಿ ಬೇಕಾದರೆ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ ಬೇಕಾದರೆ ಅವನು ನಾಡಕಚೇರಿಯ ಮೆಟ್ಟಿಲು ಹತ್ತಬೇಕು.

ಕಿಟಕಿಯ ಮುಂದೆ ಸರ್ವೆ ನಂಬರು ಹೇಳಿದರೆ ಕೆಲವೇ ನಿಮಿಷಗಳಲ್ಲಿ ಪಹಣಿ ಕೈಗೆ ಬರುತ್ತದೆ. ಜಮೀನಿನ ವಿಸ್ತೀರ್ಣ, ಖರಾಬು, ಮಾಲೀಕನ ಹೆಸರು, ಅವನ ತಂದೆಯ ಹೆಸರು, ಸಾಲದ ವಿವರ, ಬೆಳೆಯ ವಿವರ ಎಲ್ಲವೂ ಅದರಲ್ಲಿರುತ್ತದೆ. ನಾವು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬ್ಯಾಂಕಿಗೆ ಹೋಗುತ್ತೇವೆ. ಆ ಕಾಗದದ ಮೇಲಿನ ಅಕ್ಷರಗಳು ಇಲ್ಲಿಗೆ ತಲುಪುವ ಮುನ್ನ ಎಷ್ಟು ಮನೆ ಬದಲಿಸಿ ಬಂದಿವೆ ಎಂದು ಯಾರೂ ಯೋಚಿಸುವುದಿಲ್ಲ.

ಈ ಲೇಖನದಲ್ಲಿ ಆ ವಲಸೆಯ ಕತೆಯನ್ನು ಹೇಳಬೇಕೆಂದಿದ್ದೇನೆ. ಇದು ಬರೀ ಹಳೆಯ ಕತೆಯಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರ ಮುಂದಿನ ವಿಂಡೋಸ್ 11 ಅನೇಕ ಹಳೆಯ ಯಂತ್ರಗಳ ಮೇಲೆ ಅಧಿಕೃತವಾಗಿ ನಡೆಯುವುದಿಲ್ಲ. ಆದ್ದರಿಂದ ಶಾಲೆ, ಮದರಸಾ, ಜಮಾಅತ್ ಮತ್ತು ಸಂಘಗಳ ಕಚೇರಿಗಳಲ್ಲಿ ಹಳೆಯ ಕಂಪ್ಯೂಟರಿನಲ್ಲಿರುವುದನ್ನೆಲ್ಲ ಹೊಸ ಕಂಪ್ಯೂಟರಿಗೆ ಸಾಗಿಸುವ ಕೆಲಸ ಇಂದು ಎದುರಿಗೆ ನಿಂತಿದೆ. ಸಾಗಿಸುವಾಗ ಏನು ಉಳಿಯುತ್ತದೆ, ಏನು ಕಳೆದುಹೋಗುತ್ತದೆ ಎಂಬುದನ್ನು ಇತಿಹಾಸವೇ ನಮಗೆ ಕಲಿಸಬಲ್ಲದು.

ಕಲ್ಲು, ಕಡತ, ಕಾಗದ

ಜಮೀನಿನ ಹಕ್ಕನ್ನು ಬರೆದಿಡಲು ನಮ್ಮ ನಾಡಿನವರು ಹಿಂದೆ ಕಲ್ಲನ್ನೂ ತಾಮ್ರದ ತಗಡನ್ನೂ ಬಳಸಿದರು. ಯಾರಿಗೆ ಯಾವ ಭೂಮಿ ದಾನವಾಯಿತು, ಅದರ ಎಲ್ಲೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಶಾಸನಗಳಲ್ಲಿದೆ. ಕಲ್ಲು ಗಟ್ಟಿ ವಸ್ತುವೇನೋ ನಿಜ. ಆದರೆ ಮಳೆ ಬಿಸಿಲಿಗೆ ಅಕ್ಷರ ಸವೆಯುತ್ತದೆ, ಕೆಲವು ಕಲ್ಲುಗಳು ಮನೆಯ ಮೆಟ್ಟಿಲಾಗುತ್ತವೆ, ಕೆರೆಯ ತೂಬಿಗೆ ಸೇರುತ್ತವೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಊರೂರಿನ ಶಾಸನಗಳ ಪ್ರತಿ ತೆಗೆಸಿ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ಹೊರತಂದರು. ಕೋಲಾರ ಜಿಲ್ಲೆಯ ಹತ್ತನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಚಿಂತಾಮಣಿ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಇಂದು ಕಲ್ಲು ಕಾಣೆಯಾದರೂ ಪುಸ್ತಕ ತೆರೆದು ಓದಬಹುದು. ಕಂಪ್ಯೂಟರಿನವರು ಇಂದು 'ಬ್ಯಾಕಪ್' ಎಂದು ಕರೆಯುವ ಕೆಲಸವನ್ನೇ ರೈಸ್ ಅವರು ಕಲ್ಲಿನ ವಿಷಯದಲ್ಲಿ ಮಾಡಿದ್ದರು.

ದಿನನಿತ್ಯದ ಲೆಕ್ಕಕ್ಕೆ ಕಲ್ಲು ಒಗ್ಗುವುದಿಲ್ಲ. ಅದಕ್ಕೆ ಕನ್ನಡ ನಾಡಿನವರು ಕಡತವನ್ನು ಬಳಸಿದರು. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಬಳಪದಿಂದ ಬರೆದು, ಬೇಕಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಶಾನುಭೋಗರೂ ವರ್ತಕರೂ ಶತಮಾನಗಳ ಕಾಲ ಇದನ್ನು ಬಳಸಿದರು. ಬಟ್ಟೆಯ ಕಡತ ಹೋಗಿ ಕಾಗದ ಬಂದ ಮೇಲೂ ನಮ್ಮ ಕಚೇರಿಗಳಲ್ಲಿ ಫೈಲಿಗೆ 'ಕಡತ' ಎಂಬ ಹೆಸರೇ ಉಳಿಯಿತು.

1863ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಆರಂಭವಾಗಿ ಹೊಲಗಳಿಗೆ ಸರ್ವೆ ನಂಬರುಗಳು ಬಂದವು. ಪುಸ್ತಕಗಳು ಬೆಳೆದವು. ಆದರೆ ಹಳ್ಳಿಯ ಲೆಕ್ಕ ವಂಶಪಾರಂಪರ್ಯವಾಗಿ ಶಾನುಭೋಗರ ಮನೆಯಲ್ಲೇ ಇತ್ತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯಿಂದ ಪಟೇಲ ಮತ್ತು ಶಾನುಭೋಗ ಪದ್ಧತಿ ಕೊನೆಗೊಂಡಿತು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಮನೆಯ ಪೆಟ್ಟಿಗೆಯಲ್ಲಿದ್ದ ದಾಖಲೆ ಸರ್ಕಾರದ ಬೀರುವಿಗೆ ಬಂದಿತು. 1964ರ ಭೂಕಂದಾಯ ಕಾಯ್ದೆ ಹಕ್ಕು ದಾಖಲೆಗೆ ಹೊಸ ರೂಪ ಕೊಟ್ಟಿತು.

ಈ ದಾಖಲೆಗಳ ಭಾಷೆಯನ್ನು ವಿದ್ಯಾರ್ಥಿ ಮಿತ್ರರು ಸ್ವಲ್ಪ ಗಮನಿಸಬೇಕು. ತಹಶೀಲ್ದಾರ್, ಜಮಾಬಂದಿ, ಖರಾಬು, ಖುಷ್ಕಿ, ತರಿ, ಬಾಗಾಯ್ತು, ಪೌತಿ, ದಫ್ತರ ಇವೆಲ್ಲ ಅರಬ್ಬಿ ಮತ್ತು ಫಾರ್ಸಿಯಿಂದ ಬಂದ ಮಾತುಗಳು. ನಮ್ಮ ಭಾಗದ ಪಹಣಿಯಲ್ಲಿ ಮುನಿಯಪ್ಪನೂ 'ಬಿನ್' ವೆಂಕಟಪ್ಪನೇ, ಮಹಬೂಬ್ ಸಾಬನೂ 'ಬಿನ್' ಇಮಾಂ ಸಾಬನೇ. ಮಗ ಎಂಬ ಅರ್ಥದ ಅರಬ್ಬಿ ಶಬ್ದ ಎಲ್ಲ ಧರ್ಮದವರ ಹೆಸರುಗಳ ನಡುವೆ ಕುಳಿತಿದೆ. 'ಪಹಣಿ' ಎಂಬುದು ಮರಾಠಿಯಿಂದ ಬಂದದ್ದು. ಅದರ ಅರ್ಥ ನೋಡಿ ಪರಿಶೀಲಿಸುವುದು. ಈ ಅರ್ಥವನ್ನು ಓದುಗರು ನೆನಪಿನಲ್ಲಿಡಬೇಕು, ಲೇಖನದ ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ನಕಲು ಮತ್ತು ತಾಳೆ

ಒಂದು ಬರಹ ಹಳೆಯ ಮನೆಯಿಂದ ಹೊಸ ಮನೆಗೆ ಹೋಗಬೇಕಾದರೆ ನಕಲು ಆಗಬೇಕು. ನಕಲು ಎಂದ ಮೇಲೆ ತಪ್ಪು ಇದ್ದೇ ಇರುತ್ತದೆ. ಇದನ್ನು ಹಳೆಯ ಕಾಲದ ವಿದ್ವಾಂಸರು ಚೆನ್ನಾಗಿ ಅರಿತಿದ್ದರು. ಅರಬ್ಬಿ ಹಸ್ತಪ್ರತಿಗಳ ಲೋಕದಲ್ಲಿ ಪುಸ್ತಕವನ್ನು ನಕಲು ಮಾಡಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಮೂಲವನ್ನು ಒಬ್ಬರು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ನಕಲನ್ನು ಹಿಡಿದು ನೋಡುವುದು, ತಪ್ಪಿದ್ದಲ್ಲಿ ಅಂಚಿನಲ್ಲಿ ತಿದ್ದುವುದು ರೂಢಿಯಾಗಿತ್ತು. ಇದಕ್ಕೆ 'ಮುಕಾಬಲ' ಎಂದು ಹೆಸರು. ಎಲ್ಲಿಯವರೆಗೆ ಓದಿ ನೋಡಿದ್ದಾಯಿತೋ ಅಲ್ಲಿ ಅಂಚಿನಲ್ಲಿ ಒಂದು ಗುರುತು ಹಾಕುತ್ತಿದ್ದರು. ಹೀಗೆ ಹೋಲಿಸಿ ನೋಡದ ಪ್ರತಿಯನ್ನು ವಿದ್ವಾಂಸರು ಸುಲಭವಾಗಿ ನಂಬುತ್ತಿರಲಿಲ್ಲ.

ನಮ್ಮ ಕಚೇರಿಗಳಲ್ಲಿಯೂ ಇದೇ ಪದ್ಧತಿ 'ತಾಳೆ ನೋಡುವುದು' ಎಂಬ ಹೆಸರಿನಲ್ಲಿ ಇತ್ತು. ದೃಢೀಕೃತ ನಕಲಿನಲ್ಲಿ ನಕಲು ಮಾಡಿದವರ ಸಹಿ ಒಂದು, ತಾಳೆ ನೋಡಿದವರ ಸಹಿ ಇನ್ನೊಂದು. ಬರೆದ ಕೈ ಮತ್ತು ನೋಡಿದ ಕಣ್ಣು ಬೇರೆ ಬೇರೆ ಇರಬೇಕೆಂಬುದು ಅದರ ತಿರುಳು.

ಕಂಪ್ಯೂಟರಿನ ನಕಲು

ಈಗ ಕಂಪ್ಯೂಟರಿಗೆ ಬರೋಣ. 1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಅದರ ಡಿಸ್ಕ್ ಘಟಕದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟೂ ಸೇರಿ ಹಿಡಿಸುತ್ತಿದ್ದುದು ಸುಮಾರು 5 ಮೆಗಾಬೈಟ್, ಅಂದರೆ ಇಂದು ಮೊಬೈಲಿನಲ್ಲಿ ತೆಗೆಯುವ ಒಂದೆರಡು ಫೋಟೋಗಳಿಗೆ ಸಾಕಾಗುವಷ್ಟು ಜಾಗ. ಅಂದಿನಿಂದ ಇಂದಿನವರೆಗೆ ಡಿಸ್ಕ್ ಚಿಕ್ಕದಾಗುತ್ತ, ಹಿಡಿಸುವುದು ಹೆಚ್ಚಾಗುತ್ತ ಬಂದಿದೆ. ಆದರೆ ಯಂತ್ರದ ಆಯಸ್ಸು ಮಾತ್ರ ಕಲ್ಲಿನಂತೆ ಸಾವಿರ ವರ್ಷವಲ್ಲ, ಕಾಗದದಂತೆ ನೂರು ವರ್ಷವೂ ಅಲ್ಲ. ಕೆಲವೇ ವರ್ಷಗಳಲ್ಲಿ ಅದು ಹಳತಾಗುತ್ತದೆ. ಹಿಂದೆ ತಲೆಮಾರಿಗೊಮ್ಮೆ ಮಾಡಬೇಕಾಗಿದ್ದ ನಕಲಿನ ಕೆಲಸ ಈಗ ಕೆಲವು ವರ್ಷಗಳಿಗೊಮ್ಮೆ ಬರುತ್ತದೆ.

1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿ ಯಂತ್ರದಲ್ಲಿ 10 ಮೆಗಾಬೈಟಿನ ಹಾರ್ಡ್ ಡಿಸ್ಕ್ ಕೊಟ್ಟಿತು. ಅದರೊಂದಿಗೆ ಬಂದ ಡಾಸ್ 2.0ರಲ್ಲಿ 'ಬ್ಯಾಕಪ್' ಮತ್ತು 'ರಿಸ್ಟೋರ್' ಎಂಬ ಎರಡು ಆಜ್ಞೆಗಳಿದ್ದವು. ತುಂಬಿದ ಡಿಸ್ಕಿನ ಪ್ರತಿ ತೆಗೆಯಲು 360 ಕಿಲೋಬೈಟಿನ ಸುಮಾರು 28 ಫ್ಲಾಪಿಗಳು ಬೇಕಾಗುತ್ತಿದ್ದವು. ಒಂದು ಫ್ಲಾಪಿ ಕೆಟ್ಟರೆ ಅದರಲ್ಲಿದ್ದ ಕಡತಗಳ ಆಸೆ ಬಿಡಬೇಕಾಗಿತ್ತು.

ಕಡತಗಳನ್ನು ಮಾತ್ರ ನಕಲು ಮಾಡಿದರೆ ಸಾಲದು, ಇಡೀ ಕಂಪ್ಯೂಟರ್ ವ್ಯವಸ್ಥೆಯನ್ನೇ ಇದ್ದ ಹಾಗೆ ಎತ್ತಿ ಬೇರೆ ಯಂತ್ರದಲ್ಲಿ ಇಳಿಸಬೇಕು ಎಂಬ ಯೋಚನೆಯಿಂದ ಹುಟ್ಟಿದ್ದು ಡಿಸ್ಕ್ ಇಮೇಜ್ ತಂತ್ರಾಂಶಗಳು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಬೈನರಿ ರಿಸರ್ಚ್ ಎಂಬ ಸಂಸ್ಥೆಯ ಮರ್ರೆ ಹಾಝರ್ಡ್ 1995ರಲ್ಲಿ 'ಘೋಸ್ಟ್' ಎಂಬ ತಂತ್ರಾಂಶವನ್ನು ಬರೆದರು. 1998ರಲ್ಲಿ ಸಿಮ್ಯಾಂಟೆಕ್ ಕಂಪನಿ ಅದನ್ನು ಕೊಂಡಿತು. ಮುಂದೆ 'ನಾರ್ಟನ್ ಘೋಸ್ಟ್' ಎಂಬ ಹೆಸರು ನಮ್ಮ ಊರುಗಳ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲೂ ಮನೆಮಾತಾಯಿತು. 'ಘೋಸ್ಟ್ ಹೊಡೆಯುವುದು' ಎಂದರೆ ಒಂದು ಡಿಸ್ಕಿನ ತದ್ರೂಪವನ್ನು ಇನ್ನೊಂದರ ಮೇಲೆ ಇಳಿಸುವುದು ಎಂದೇ ಅರ್ಥ. ಆಮೇಲೆ ಅಕ್ರಾನಿಸ್, ತೈವಾನಿನಲ್ಲಿ ರೂಪುಗೊಂಡ ಉಚಿತ ಕ್ಲೋನ್‌ಜಿಲ್ಲಾ ಮುಂತಾದವು ಬಂದವು.

ಕೆಲಸ ನಡೆಯುವ ರೀತಿ ಹೀಗಿದೆ. ತಂತ್ರಾಂಶವು ಡಿಸ್ಕಿನ ಒಂದೊಂದು ಭಾಗವನ್ನೂ ಓದಿ, ಕುಗ್ಗಿಸಿ, ಒಂದು ದೊಡ್ಡ ಕಡತವಾಗಿ ಹೊರಗಿನ ಡಿಸ್ಕಿನಲ್ಲಿ ಇಡುತ್ತದೆ. ಹೊಸ ಯಂತ್ರವನ್ನು ಸಿಡಿ ಅಥವಾ ಪೆನ್ ಡ್ರೈವಿನಿಂದ ಚಾಲೂ ಮಾಡಿ, ಆ ಕಡತವನ್ನು ಬಿಚ್ಚಿ ಹೊಸ ಡಿಸ್ಕಿನಲ್ಲಿ ಹರಡುತ್ತದೆ. ಎಲ್ಲವೂ ಸರಿಹೋದರೆ ಹಳೆಯ ಯಂತ್ರದ ಮುಂದೆ ಕುಳಿತಂತೆಯೇ ಹೊಸದರ ಮುಂದೆ ಕುಳಿತು ಕೆಲಸ ಮುಂದುವರಿಸಬಹುದು.

ಆದರೆ ಹೊಸ ಯಂತ್ರ ಹಳೆಯದರಂತೆ ಇರುವುದಿಲ್ಲ. ಹಳೆಯ ವಿಂಡೋಸ್ ತನ್ನ ಹಳೆಯ ಮದರ್‌ಬೋರ್ಡ್ ಮತ್ತು ಡಿಸ್ಕಿಗೆ ತಕ್ಕ ಡ್ರೈವರುಗಳನ್ನು ಮಾತ್ರ ಬಲ್ಲದು. ಹೊಸ ಡಿಸ್ಕಿನೊಂದಿಗೆ ಮಾತಾಡಲು ತಿಳಿಯದೆ ನೀಲಿ ಪರದೆ ತೋರಿಸಿ ನಿಂತುಬಿಡುತ್ತದೆ. ಇದಕ್ಕಾಗಿ ಬೇರೆ ಯಂತ್ರಾಂಶದ ಮೇಲೆ ಇಳಿಸುವಾಗ ಹೊಸ ಡ್ರೈವರುಗಳನ್ನು ಸೇರಿಸುವ ಸೌಲಭ್ಯವನ್ನು ಕೆಲವು ತಂತ್ರಾಂಶಗಳು ಕೊಟ್ಟವು. ಕೆಲವು ಡಿಟಿಪಿ ತಂತ್ರಾಂಶಗಳಿಗೆ ಹಿಂದೆ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೀಗ ಬೇಕಾಗಿತ್ತು. ಹೊಸ ಯಂತ್ರದಲ್ಲಿ ಆ ಪೋರ್ಟೇ ಇಲ್ಲದಾಗ ತಂತ್ರಾಂಶ ಬಂದರೂ ಬಾಗಿಲು ತೆರೆಯುತ್ತಿರಲಿಲ್ಲ.

ಬ್ಯಾಕಪ್ ತಂತ್ರಾಂಶವೇ ಕೈಕೊಡುವುದೂ ಉಂಟು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ 'ಎನ್‌ಟಿ ಬ್ಯಾಕಪ್' ಎಂಬ ಸೌಲಭ್ಯ ವಿಂಡೋಸಿನ ಜೊತೆಗೇ ಇತ್ತು. ಅನೇಕರು ಅದನ್ನು ನಂಬಿ ಪ್ರತಿಗಳನ್ನು ಇಟ್ಟುಕೊಂಡರು. ಮುಂದಿನ ವಿಂಡೋಸ್ ವಿಸ್ಟಾದಲ್ಲಿ ಅದನ್ನು ಕೈಬಿಡಲಾಯಿತು. ಹಳೆಯ ಪ್ರತಿಗಳನ್ನು ತೆರೆಯಲು ಬೇರೊಂದು ಉಪಕರಣವನ್ನು ಹುಡುಕಿ ತರಬೇಕಾಯಿತು. ಪೆಟ್ಟಿಗೆ ಮನೆಯಲ್ಲೇ ಇದೆ, ಬೀಗದ ಕೈ ಮಾತ್ರ ಇಲ್ಲ ಎಂಬಂತಾಯಿತು.

ಭೂಮಿ ಯೋಜನೆ

ನಮ್ಮ ರಾಜ್ಯದಲ್ಲಿ ದಾಖಲೆಗಳ ವಲಸೆಯ ಅತಿ ದೊಡ್ಡ ಉದಾಹರಣೆ ಎಂದರೆ 'ಭೂಮಿ' ಯೋಜನೆ. ಭೂದಾಖಲೆಗಳ ಗಣಕೀಕರಣದ ಪ್ರಯತ್ನ ಕರ್ನಾಟಕದಲ್ಲಿ 1991ರಲ್ಲಿ ಗುಲ್ಬರ್ಗ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು. ಅದು ಬೇಗ ಫಲ ಕೊಡಲಿಲ್ಲ. 1990ರ ದಶಕದ ಕೊನೆಯಲ್ಲಿ ಕಂದಾಯ ಇಲಾಖೆ ಮತ್ತೆ ಹೊಸದಾಗಿ ಕೈಹಾಕಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹೊಣೆ ಹೊತ್ತರು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, ತಂತ್ರಾಂಶವನ್ನು ಸಿದ್ಧಪಡಿಸಿತು. ಮಂಡ್ಯ ಜಿಲ್ಲೆಯ ಮದ್ದೂರಿನಲ್ಲಿ ಪ್ರಯೋಗ ನಡೆಯಿತು. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ, 2002ರ ವೇಳೆಗೆ, ರಾಜ್ಯದ 177 ತಾಲ್ಲೂಕು ಕೇಂದ್ರಗಳಿಗೂ ಇದು ತಲುಪಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳು ಪುಸ್ತಕದಿಂದ ಕಂಪ್ಯೂಟರಿಗೆ ಸೇರಿದವು. ಅಲ್ಲಿಯವರೆಗೆ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಈ ದಾಖಲೆಗಳು ಹಂಚಿಹೋಗಿದ್ದವು.

ಪಹಣಿಗೆ 15 ರೂಪಾಯಿ ಶುಲ್ಕ ಗೊತ್ತುಮಾಡಲಾಯಿತು. ಗ್ರಾಮ ಲೆಕ್ಕಿಗ ಊರಲ್ಲಿದ್ದಾರೋ ಇಲ್ಲವೋ ಎಂದು ಅಲೆಯುವುದು ತಪ್ಪಿತು. ಕೇಂದ್ರದಲ್ಲಿ ರೈತನ ಕಡೆಗೆ ತಿರುಗಿದ ಇನ್ನೊಂದು ಪರದೆಯನ್ನು ಇಡಲಾಗಿತ್ತು. ಒಳಗಿನವರು ಏನು ನೋಡುತ್ತಿದ್ದಾರೋ ಅದನ್ನೇ ಹೊರಗೆ ನಿಂತ ರೈತನೂ ನೋಡಬಹುದಿತ್ತು. ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕಿತ್ತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರ ಅಧಿಸೂಚನೆ ಹೊರಡಿಸಿತು.

ಇಲ್ಲಿ ಒಂದು ಮಾತು ಮುಖ್ಯ. ಪುಸ್ತಕದಲ್ಲಿದ್ದುದನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಅದರ ಪ್ರತಿಯನ್ನು ಮುದ್ರಿಸಿ ಗ್ರಾಮ ಲೆಕ್ಕಿಗರಿಂದ ಪರಿಶೀಲನೆ ಮಾಡಿಸಲಾಯಿತು. ಅಂದರೆ ಇಲ್ಲಿಯೂ ತಾಳೆ ನೋಡುವ ಕೆಲಸವಿತ್ತು. ಹಾಗಿದ್ದೂ ತಪ್ಪುಗಳು ಉಳಿದವು. ಕೆಲವು ಬೆರಳಚ್ಚಿನ ತಪ್ಪುಗಳು. ಇನ್ನು ಕೆಲವು ಹಳೆಯ ಪುಸ್ತಕದಲ್ಲೇ ಇದ್ದವು. ಪಹಣಿಯ ಕಾಲಂ 3ರಲ್ಲಿ ಜಮೀನಿನ ವಿಸ್ತೀರ್ಣವಿರುತ್ತದೆ, ಕಾಲಂ 9ರಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲು ಇರುತ್ತದೆ. ಎರಡೂ ಕೂಡಿ ಬರಬೇಕು. ಅನೇಕ ಸರ್ವೆ ನಂಬರುಗಳಲ್ಲಿ ಬರಲಿಲ್ಲ. ಪಾಲು ವಿಭಾಗವಾದಾಗ, ಪೌತಿಯಾದಾಗ, ಮಾರಾಟವಾದಾಗ ಪುಸ್ತಕದಲ್ಲಿ ಬರೆದದ್ದು ಒಂದಕ್ಕೊಂದು ಹೊಂದಿರಲಿಲ್ಲ. ಕಂಪ್ಯೂಟರ್ ಆ ತಪ್ಪನ್ನು ಹುಟ್ಟಿಸಲಿಲ್ಲ, ಮುಚ್ಚಿಡಲೂ ಇಲ್ಲ. ಇದ್ದದ್ದನ್ನು ಇದ್ದಂತೆ ಎದುರಿಗೆ ತಂದಿತು. ಇವನ್ನು ಸರಿಪಡಿಸಲು ಊರೂರುಗಳಲ್ಲಿ ಕಂದಾಯ ಅದಾಲತ್‌ಗಳನ್ನು ನಡೆಸಬೇಕಾಯಿತು. ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಸಾಲ ಸಿಗದೆ ಕಚೇರಿಯಿಂದ ಕಚೇರಿಗೆ ಅಲೆದವರನ್ನು ನಾವೆಲ್ಲ ನೋಡಿದ್ದೇವೆ.

ಒಮ್ಮೆ ಕಂಪ್ಯೂಟರಿಗೆ ಬಂದ ಮೇಲೆ ವಲಸೆ ಮುಗಿಯಿತೆಂದು ತಿಳಿಯಬಾರದು. ಮೊದಲು ತಾಲ್ಲೂಕು ತಾಲ್ಲೂಕಿನ ಸರ್ವರುಗಳಲ್ಲಿ ಇದ್ದ ದತ್ತಾಂಶ ಮುಂದೆ ಬೆಂಗಳೂರಿನ ಕೇಂದ್ರ ವ್ಯವಸ್ಥೆಗೆ ಹೋಯಿತು. ಆರಂಭದ ವಿಂಡೋಸ್ ಎನ್‌ಟಿ ಯಂತ್ರಗಳು ಎಂದೋ ಮೂಲೆ ಸೇರಿದವು. 2007ರಲ್ಲಿ ಕೋಲಾರವನ್ನು ವಿಭಜಿಸಿ ಚಿಕ್ಕಬಳ್ಳಾಪುರ ಜಿಲ್ಲೆ ಮಾಡಿದಾಗ ಕೈವಾರದ ರೈತನ ಹೊಲ ಇದ್ದಲ್ಲೇ ಇತ್ತು, ಪಹಣಿಯ ತಲೆಯ ಮೇಲಿನ ಜಿಲ್ಲೆಯ ಹೆಸರು ಬದಲಾಯಿತು. 2024ರಲ್ಲಿ ಆರಂಭವಾದ 'ಭೂ ಸುರಕ್ಷಾ' ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಕೆಲಸ ಕೈಗೆತ್ತಿಕೊಳ್ಳಲಾಯಿತು. ಇಷ್ಟು ವರ್ಷಗಳ ಗಣಕೀಕರಣದ ಬಳಿಕವೂ ಹಳೆಯ ಕಾಗದದ ಅಗತ್ಯ ತೀರಿಲ್ಲ ಎಂಬುದನ್ನು ಇದು ತೋರಿಸುತ್ತದೆ. ವಿವಾದ ಬಂದಾಗ ಮೂಲವನ್ನೇ ಕೇಳುತ್ತಾರೆ.

ಅಕ್ಷರಗಳ ವಲಸೆ

ಕನ್ನಡಿಗರಿಗೆ ಮತ್ತು ಉರ್ದು ಬಲ್ಲವರಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಇಂಗ್ಲಿಷ್ ಕಡತ ಯಾವ ಯಂತ್ರದಲ್ಲಾದರೂ ತೆರೆದುಕೊಳ್ಳುತ್ತದೆ. ಆದರೆ ಬಹುಕಾಲ ನಾವು ಕನ್ನಡವನ್ನು ಆಯಾ ತಂತ್ರಾಂಶದ ಸ್ವಂತ ಸಂಕೇತದಲ್ಲಿ ಬರೆದೆವು. ಬರಹ, ನುಡಿ, ಶ್ರೀಲಿಪಿ, ಪ್ರಕಾಶಕ ಎಂದು ಹಲವು ತಂತ್ರಾಂಶಗಳಿದ್ದವು. ಶೇಷಾದ್ರಿ ವಾಸು ಅವರ 'ಬರಹ' 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯನ್ನು ಸರ್ಕಾರಿ ಕಚೇರಿಗಳು ಬಳಸಿದವು. ಇವುಗಳ ಹಳೆಯ ಫಾಂಟುಗಳಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಕಡತ ಹೋಗಿರುವುದಿಲ್ಲ, ಓದುವ ಕಣ್ಣು ಹೋಗಿರುತ್ತದೆ.

ಉರ್ದುವಿನಲ್ಲಿ 1994ರಲ್ಲಿ ಬಂದ 'ಇನ್‌ಪೇಜ್' ನಸ್ತಾಲೀಕ್ ಲಿಪಿಯ ಸುಂದರ ಅಚ್ಚಿಗೆ ದಾರಿ ಮಾಡಿತು. ಅದರ ಹಳೆಯ ಆವೃತ್ತಿಗಳ ಕಡತಗಳಿಗೂ ಇದೇ ಪಾಡು. ಇನ್‌ಪೇಜ್ ಇಲ್ಲದ ಕಡೆ ಅವು ತೆರೆಯುವುದಿಲ್ಲ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಖಾಯಂ ಸಂಖ್ಯೆ ಕೊಡುವ 'ಯೂನಿಕೋಡ್' ಪದ್ಧತಿಯ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ತನ್ನೊಂದಿಗೆ ತಂದಿತು. ಇಂದು ಮೊಬೈಲಿನಲ್ಲಿ ಬರೆಯುವ ಕನ್ನಡವೂ ಉರ್ದುವೂ ಯೂನಿಕೋಡಿನಲ್ಲೇ ಇವೆ. ಆದರೆ ಹಳೆಯ ಕಡತಗಳು ತಾವಾಗಿ ಯೂನಿಕೋಡಿಗೆ ಬದಲಾಗುವುದಿಲ್ಲ. ಯಾರಾದರೂ ಕುಳಿತು ಪರಿವರ್ತಿಸಬೇಕು, ಪರಿವರ್ತಿಸಿ ಓದಿ ನೋಡಬೇಕು. ಒತ್ತಕ್ಷರ ಮತ್ತು ಅರ್ಕಾವೊತ್ತುಗಳು ಈ ಪರಿವರ್ತನೆಯಲ್ಲಿ ಪೆಟ್ಟು ತಿನ್ನುವುದುಂಟು.

ನಾನು ಕಂಡ ಒಂದು ಘಟನೆ

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಕಚೇರಿಯಲ್ಲಿ ಹಳೆಯ ಕಂಪ್ಯೂಟರನ್ನು ಬದಲಾಯಿಸಿದರು. ಕೆಲಸ ಮಾಡಿದ ಹುಡುಗ ಡಿಸ್ಕಿನ ಪ್ರತಿ ತೆಗೆದು ಹೊಸದಕ್ಕೆ ಇಳಿಸಿದ. ಯಂತ್ರ ಚಾಲೂ ಆಯಿತು, ಪರದೆಯ ಮೇಲೆ ಅದೇ ಹಳೆಯ ಚಿತ್ರ ಬಂದಿತು. ಎಲ್ಲರಿಗೂ ಸಂತೋಷ. ಅದೇ ವಾರ ಹಳೆಯ ಯಂತ್ರವನ್ನು ಗುಜರಿಗೆ ಕೊಟ್ಟರು.

ಒಂದು ತಿಂಗಳ ಮೇಲೆ ವಿದ್ಯಾರ್ಥಿವೇತನದ ಅರ್ಜಿಗಳ ಸಮಯ ಬಂದಾಗ ನನ್ನನ್ನು ಕರೆದರು. ನೋಡಿದರೆ 'ಸಿ' ಡ್ರೈವಿನ ಪ್ರತಿ ಮಾತ್ರ ತೆಗೆಯಲಾಗಿತ್ತು. ಶುಲ್ಕದ ಲೆಕ್ಕ ಮತ್ತು ಮಕ್ಕಳ ಪಟ್ಟಿ ಇದ್ದದ್ದು 'ಡಿ' ಡ್ರೈವಿನಲ್ಲಿ. ಅದು ಗುಜರಿಯ ಜೊತೆಗೆ ಹೋಗಿತ್ತು. ಪುಣ್ಯಕ್ಕೆ ದಾಖಲಾತಿಯ ಕಾಗದದ ಪುಸ್ತಕ ಬೀರುವಿನಲ್ಲಿತ್ತು. ಅದರಿಂದ ಎಲ್ಲವನ್ನೂ ಮತ್ತೆ ಬೆರಳಚ್ಚು ಮಾಡಿದರು. ಅವಸರದಲ್ಲಿ ಯಾರೂ ತಾಳೆ ನೋಡಲಿಲ್ಲ. ಒಬ್ಬ ಹುಡುಗನ ಹೆಸರು ಪುಸ್ತಕದಲ್ಲಿ 'ಮೊಹಮ್ಮದ್' ಎಂದಿದ್ದದ್ದು ಪಟ್ಟಿಯಲ್ಲಿ 'ಮಹಮದ್' ಆಯಿತು. ಬ್ಯಾಂಕಿನ ಪಾಸ್ ಪುಸ್ತಕದ ಹೆಸರಿಗೆ ಅದು ಹೊಂದಲಿಲ್ಲ. ಅವನ ಆ ವರ್ಷದ ಅರ್ಜಿ ತಿರಸ್ಕೃತವಾಯಿತು. ಅವನ ತಂದೆ ಕೂಲಿಯವರು. ಕಚೇರಿಯಲ್ಲಿ ಯಾರನ್ನೂ ಬೈಯಲಿಲ್ಲ, ತಪ್ಪು ಯಾರದೆಂದೂ ಕೇಳಲಿಲ್ಲ. ಮುಂದಿನ ವರ್ಷವಾದರೂ ಸರಿ ಮಾಡಿ ಸ್ವಾಮಿ ಎಂದು ಹೇಳಿ ಹೋದರು.

ನಮ್ಮವರ ಹೆಸರುಗಳು ಉರ್ದುವಿನಲ್ಲಿ ಒಂದು, ಕನ್ನಡದಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮತ್ತೊಂದು ರೂಪ ತಾಳುತ್ತವೆ. ಪ್ರತಿ ನಕಲಿನಲ್ಲೂ ಅವು ಸ್ವಲ್ಪ ಸ್ವಲ್ಪ ಬದಲಾಗುವ ಅಪಾಯವಿದೆ. ಆದ್ದರಿಂದ ನಮ್ಮ ಸಂಸ್ಥೆಗಳಿಗೆ ಈ ಎಚ್ಚರ ಹೆಚ್ಚು ಬೇಕು.

ಹೊರಗಿನ ಎರಡು ಪಾಠಗಳು

ಇಂತಹ ತಪ್ಪು ಸಣ್ಣ ಊರಿನ ಸಣ್ಣ ಕಚೇರಿಗಳಲ್ಲಿ ಮಾತ್ರ ಆಗುತ್ತದೆಂದು ತಿಳಿಯಬೇಡಿ. 1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ 'ಟಾಯ್ ಸ್ಟೋರಿ 2' ಚಿತ್ರವನ್ನು ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ತಪ್ಪು ಆಜ್ಞೆಯಿಂದ ಚಿತ್ರದ ಕಡತಗಳು ಅಳಿಸಿಹೋಗತೊಡಗಿದವು. ಬ್ಯಾಕಪ್ ಇದೆಯಲ್ಲ ಎಂದು ನೋಡಿದರೆ ಅದೂ ಕೆಲವು ವಾರಗಳಿಂದ ಸರಿಯಾಗಿ ಆಗಿರಲಿಲ್ಲ. ಯಾರೂ ತೆರೆದು ನೋಡಿರಲಿಲ್ಲ. ತಾಂತ್ರಿಕ ಮೇಲ್ವಿಚಾರಕಿ ಗ್ಯಾಲಿನ್ ಸುಸ್ಮನ್ ಮಗುವಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿಯಿತು.

ಇನ್ನೊಂದು ಉದಾಹರಣೆ ನಮ್ಮ ಪಹಣಿಗೆ ಹತ್ತಿರದ್ದು. 1086ರಲ್ಲಿ ಇಂಗ್ಲೆಂಡಿನ ದೊರೆ ವಿಲಿಯಂ ತನ್ನ ರಾಜ್ಯದ ಜಮೀನುಗಳ ಲೆಕ್ಕ ಮಾಡಿಸಿದ. ಆ ಪುಸ್ತಕಕ್ಕೆ 'ಡೂಮ್ಸ್‌ಡೇ ಬುಕ್' ಎಂದು ಹೆಸರು. ಚರ್ಮದ ಹಾಳೆಗಳ ಮೇಲೆ ಶಾಯಿಯಿಂದ ಬರೆದದ್ದು. ಅದರ 900ನೆಯ ವರ್ಷದ ನೆನಪಿಗೆ 1986ರಲ್ಲಿ ಬಿಬಿಸಿ ಸಂಸ್ಥೆ ಲಕ್ಷಾಂತರ ಜನರಿಂದ, ಅದರಲ್ಲೂ ಶಾಲಾ ಮಕ್ಕಳಿಂದ, ಊರೂರಿನ ಮಾಹಿತಿ ಸಂಗ್ರಹಿಸಿ ಲೇಸರ್ ಡಿಸ್ಕಿನಲ್ಲಿ ಹಾಕಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ಡಿಸ್ಕನ್ನು ಓದುವ ಯಂತ್ರಗಳು ಅಪರೂಪವಾದವು. 2002ರ ಸುಮಾರಿಗೆ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹೊಸ ಕಂಪ್ಯೂಟರ್ ಹಳೆಯದರಂತೆ ನಟಿಸುವ ತಂತ್ರಾಂಶ ಬರೆದು ಅದನ್ನು ಮತ್ತೆ ತೆರೆದರು. ಒಂಬತ್ತು ನೂರು ವರ್ಷಗಳ ಹಿಂದಿನ ಚರ್ಮದ ಪುಸ್ತಕವನ್ನು ಮಾತ್ರ ಇಂದಿಗೂ ಓದಬಹುದು. ಹಾಗೆಂದು ಕಂಪ್ಯೂಟರ್ ಬೇಡವೆಂದು ಅರ್ಥವಲ್ಲ. ಕಾಲಕಾಲಕ್ಕೆ ಹೊಸ ಮನೆಗೆ ಸಾಗಿಸದಿದ್ದರೆ ಕಂಪ್ಯೂಟರಿನಲ್ಲಿದ್ದದ್ದು ಉಳಿಯುವುದಿಲ್ಲ ಎಂಬುದೇ ಇದರ ಪಾಠ.

ನಾವು ಮಾಡಬೇಕಾದದ್ದು

ಸದಸ್ಯರೂ ವಿದ್ಯಾರ್ಥಿಗಳೂ ನೆನಪಿಡಬೇಕಾದ ಸಂಗತಿಗಳು ಹೆಚ್ಚೇನಿಲ್ಲ.

ಮೊದಲನೆಯದಾಗಿ, ಸಾಗಿಸುವ ಮುನ್ನ ಪಟ್ಟಿ ಮಾಡಬೇಕು. ಯಾವ ಡ್ರೈವಿನಲ್ಲಿ ಏನಿದೆ, ಯಾವ ತಂತ್ರಾಂಶದ ಕೀಲಿ ಸಂಖ್ಯೆ ಏನು, ಯಾವ ಕಡತಕ್ಕೆ ಯಾವ ಫಾಂಟು ಬೇಕು ಎಂಬುದನ್ನು ಕಾಗದದ ಮೇಲೆ ಬರೆದಿಡಬೇಕು.

ಎರಡನೆಯದಾಗಿ, ಒಂದೇ ಪ್ರತಿಯನ್ನು ನಂಬಬಾರದು. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಹೇಳಿದ ಸೂತ್ರವೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಪ್ರತಿ ಬೇರೆ ಜಾಗದಲ್ಲಿರಲಿ ಎಂಬುದೇ ಆ ಸೂತ್ರ. ಕಚೇರಿಯ ಬೀರುವಿನಲ್ಲಿ ಒಂದು ಡಿಸ್ಕ್ ಇದ್ದರೆ ಕಾರ್ಯದರ್ಶಿಯವರ ಮನೆಯಲ್ಲಿ ಇನ್ನೊಂದಿರಲಿ. ಮಕ್ಕಳ ಖಾಸಗಿ ವಿವರ ಇರುವುದರಿಂದ ಅದಕ್ಕೆ ಪಾಸ್‌ವರ್ಡ್ ಇರಲಿ.

ಮೂರನೆಯದಾಗಿ, ಹಳೆಯ ನುಡಿ, ಬರಹ ಮತ್ತು ಇನ್‌ಪೇಜ್ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಮೂಲವನ್ನೂ ಹಾಗೆಯೇ ಇಟ್ಟುಕೊಳ್ಳಬೇಕು. ರಜೆಯಲ್ಲಿರುವ ವಿದ್ಯಾರ್ಥಿಗಳಿಗೆ ಇದು ಒಳ್ಳೆಯ ಸೇವೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಹೊಸ ಯಂತ್ರ ಚಾಲೂ ಆಯಿತೆಂದು ಹಳೆಯದನ್ನು ಅಳಿಸಬಾರದು. ಇಬ್ಬರು ಕುಳಿತು, ಒಬ್ಬರು ಹಳೆಯದನ್ನು ಓದಿ, ಇನ್ನೊಬ್ಬರು ಹೊಸದನ್ನು ನೋಡಿ, ಕನಿಷ್ಠ ಹೆಸರು, ಹುಟ್ಟಿದ ದಿನಾಂಕ ಮತ್ತು ಲೆಕ್ಕದ ಮೊತ್ತಗಳನ್ನಾದರೂ ತಾಳೆ ನೋಡಬೇಕು. ಒಂದು ಪೂರ್ತಿ ವರ್ಷದ ಕೆಲಸ ಹೊಸ ಯಂತ್ರದಲ್ಲಿ ತೊಡಕಿಲ್ಲದೆ ನಡೆದ ಮೇಲೆ ಹಳೆಯದರ ಮಾತು. ಕಾಗದದ ದಾಖಲಾತಿ ಪುಸ್ತಕವನ್ನಂತೂ ಎಂದೂ ಬಿಸಾಡಬಾರದು.

ತಂತ್ರಾಂಶ ಎಷ್ಟೇ ಜಾಣತನದ್ದಾದರೂ ಅದು ಮಾಡುವುದು ನಕಲು ಮಾತ್ರ. ಡಿಸ್ಕಿನಲ್ಲಿದ್ದದ್ದು ಡಿಸ್ಕಿಗೆ ಸರಿಯಾಗಿ ಬಂದಿತೇ ಎಂದು ಅದು ಹೇಳಬಲ್ಲದು. ಆ ಹುಡುಗನ ಹೆಸರು ಸರಿಯಾಗಿದೆಯೇ ಎಂದು ಅದು ಹೇಳಲಾರದು. ಅದನ್ನು ಅವನನ್ನು ಬಲ್ಲ ಮನುಷ್ಯನೇ ನೋಡಬೇಕು. ಪಹಣಿ ಎಂಬ ಮಾತಿನ ಅರ್ಥವನ್ನು ಆಗಲೇ ಹೇಳಿದ್ದೇನೆ, ನೋಡಿ ಪರಿಶೀಲಿಸುವುದು. ಕೈವಾರದ ರೈತ ನಾಡಕಚೇರಿಯಲ್ಲಿ ಪಹಣಿ ಪಡೆದ ಕೂಡಲೇ ಅಲ್ಲೇ ಮೆಟ್ಟಿಲ ಮೇ��ೆ ನಿಂತು ಮೊದಲು ತನ್ನ ಹೆಸರನ್ನೂ ತಂದೆಯ ಹೆಸರನ್ನೂ ಓದುತ್ತಾನೆ. ಓದು ಬರದವನು ಪಕ್ಕದವರಿಂದ ಓದಿಸಿಕೊಳ್ಳುತ್ತಾನೆ. ನಮ್ಮ ಸಂಸ್ಥೆಗಳ ಕಚೇರಿಗಳಲ್ಲೂ ಅಷ್ಟು ಎಚ್ಚರವಿದ್ದರೆ ಹೊಸ ಯಂತ್ರ ಬಂದಾಗ ಯಾವ ಮಗುವಿನ ಹೆಸರೂ ದಾರಿಯಲ್ಲಿ ಕಳೆದುಹೋಗುವುದಿಲ್ಲ.